ಡ್ರಮ್ಮಿಗೆ ಬೆಸುಗೆ ಹಾಕಿದವರು ಯಾರು?



ಇವತ್ತು ವಿಧಾನಸೌಧದ ಕಡೆ ಹೋಗೋದಿಲ್ಲ. ದೆಹಲಿಗೂ ಹೋಗೋದಿಲ್ಲ. ನಿಮ್ಮ ಮನೆಯ ಬಚ್ಚಲಿನ ಪಕ್ಕಕ್ಕೆ, ಇಲ್ಲಾಂದ್ರೆ ಅಡುಗೆಮನೆ ಹಿಂದಿನ ಯುಟಿಲಿಟಿಗೆ ಹೋಗೋಣ. ಅಲ್ಲೊಂದು ವಾಷಿಂಗ್ ಮೆಷಿನ್ ಇದೆ. ತಂದು ಏಳೆಂಟು ವರ್ಷ ಆಗಿದೆ. ಒಂದು ದಿನ ಬಟ್ಟೆ ಹಿಂಡೋ ಹೊತ್ತಿಗೆ ವಿಮಾನ ಹಾರಿದ ಹಾಗೆ ಸದ್ದು ಮಾಡುತ್ತೆ. ಅಥವಾ ಸದ್ದೇ ಮಾಡಲ್ಲ, ಏನೋ ಒಂದು ಎರರ್ ಕೋಡ್ ತೋರಿಸಿ ನಿಂತುಬಿಡುತ್ತೆ. ಆವತ್ತು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲೇ ಪ್ಯಾನೆಲ್ ಡಿಸ್ಕಷನ್ ಶುರು. ಅಪ್ಪ ರಿಪೇರಿ ಪಕ್ಷ. ಮಗ ಹೊಸದರ ಪಕ್ಷ. ಅಮ್ಮನ್ನ ಯಾರೂ ಕೇಳಲ್ಲ, ಮಾರನೇ ದಿನ ಬಕೆಟ್ ಮುಂದೆ ಕೂರೋದು ಮಾತ್ರ ಅವರೇ. ನಮ್ಮ ಸ್ಟುಡಿಯೋ ಚರ್ಚೆಗಿಂತ ಜೋರಾಗೇ ನಡೆಯುತ್ತೆ. ಸಿಗೋ ತೀರ್ಮಾನ ಮಾತ್ರ ನಮ್ಮ ಚರ್ಚೆಯಲ್ಲಿ ಸಿಕ್ಕಷ್ಟೇ!

ರಿಪೇರಿ ಮಾಡಿಸೋದಾ, ಹೊಸದು ತರೋದಾ? ಇದೇನು ಮಹಾ ಪ್ರಶ್ನೆ ಅಂತ ಅನ್ನಿಸಬಹುದು. ಸ್ವಾಮಿ, 25-30 ಸಾವಿರ ರೂಪಾಯಿ ಅಂದ್ರೆ ಎಷ್ಟೋ ಮನೆಗಳಲ್ಲಿ ಒಂದು ತಿಂಗಳ ಪೂರ್ತಿ ಸಂಬಳ. ತರಕಾರಿಯವರ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡೋ ನಾವು, ಇಷ್ಟು ದೊಡ್ಡ ದುಡ್ಡನ್ನ ಟೆಕ್ನಿಷಿಯನ್ ಒಬ್ಬ ಹತ್ತು ನಿಮಿಷ ಬಗ್ಗಿ ನೋಡಿ ಹೇಳಿದ ಒಂದು ಮಾತಿನ ಮೇಲೆ ಖರ್ಚು ಮಾಡ್ತೀವಿ. "ಸಾರ್, ಇದರದ್ದು ಮುಗೀತು." ಮುಗೀತು ಅಂದ್ರೆ ಏನು ಮುಗೀತು? ಯಾವ ಭಾಗ ಮುಗೀತು? ಅದೊಂದನ್ನ ಕೇಳೋಲ್ಲ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಮೈಕ್ ಹಿಡಿದವನು. ಓದಿದ್ದು ಅಪರೂಪಕ್ಕೆ ಉಪಯೋಗಕ್ಕೆ ಬರುತ್ತೆ. ಇವತ್ತು ಬರುತ್ತೆ, ಕೇಳಿ.

ವಾಷಿಂಗ್ ಮೆಷಿನ್ ಅನ್ನೋದು ರಾಕೆಟ್ ಏನಲ್ಲ. ನೀರು ಒಳಗೆ ಬಿಡೋಕೆ ಒಂದು ವಾಲ್ವ್, ಹೊರಗೆ ಹಾಕೋಕೆ ಒಂದು ಪಂಪ್, ತಿರುಗಿಸೋಕೆ ಒಂದು ಮೋಟರ್. ಬಟ್ಟೆ ತುಂಬೋ ಸ್ಟೀಲ್ ಡ್ರಮ್. ಆ ಡ್ರಮ್ಮಿನ ಸುತ್ತ ನೀರು ಹಿಡಿದಿಟ್ಟುಕೊಳ್ಳೋ ಪ್ಲಾಸ್ಟಿಕ್ ಟಬ್. ಡ್ರಮ್ಮಿನ ಶಾಫ್ಟ್ ಕೂರೋದಕ್ಕೆ ಬೇರಿಂಗ್, ಆ ಬೇರಿಂಗಿಗೆ ನೀರು ತಾಗದ ಹಾಗೆ ಕಾಯೋದಕ್ಕೆ ಒಂದು ರಬ್ಬರ್ ಸೀಲ್. ಫ್ರಂಟ್ ಲೋಡ್ ಆದ್ರೆ ನೀರು ಕಾಯಿಸೋ ಹೀಟರ್. ಇವರೆಲ್ಲರಿಗೂ ಆರ್ಡರ್ ಕೊಡೋಕೆ ಒಂದು ಎಲೆಕ್ಟ್ರಾನಿಕ್ ಬೋರ್ಡ್. ಇಷ್ಟೇ.

ಇದರಲ್ಲಿ ಕೆಡೋದು ಯಾವುದು? ಅಂಗಡಿಯಲ್ಲಿ ಮೆಷಿನ್ ಮೇಲೆ ದೊಡ್ಡಕ್ಷರದಲ್ಲಿ "ಮೋಟರ್‌ಗೆ 10 ವರ್ಷ ವಾರಂಟಿ" ಅಂತ ಸ್ಟಿಕ್ಕರ್ ಇರುತ್ತಲ್ಲ, ಆ ಮೋಟರ್ ಅಷ್ಟು ಸುಲಭಕ್ಕೆ ಕೆಡೋ ವಸ್ತುವೇ ಅಲ್ಲ. ಈಗಿನ ಇನ್ವರ್ಟರ್ ಮೋಟರ್‌ಗಳಲ್ಲಿ ಸವೆಯೋದಕ್ಕೆ ಕಾರ್ಬನ್ ಬ್ರಷ್ ಕೂಡ ಇಲ್ಲ. ಕೆಡೋದು ಬೋರ್ಡು. ಸವೆಯೋದು ಸೀಲು, ಅದರ ಹಿಂದೆಯೇ ಬೇರಿಂಗು. ಆಮೇಲೆ ಪಂಪು, ಬಾಗಿಲಿನ ಲಾಕು. ಇವುಗಳ ವಾರಂಟಿ ಸಾಮಾನ್ಯವಾಗಿ ಎರಡು ವರ್ಷಕ್ಕೋ, ಹೆಚ್ಚೆಂದರೆ ಇನ್ನೊಂದೆರಡು ವರ್ಷಕ್ಕೋ ಮುಗಿದಿರುತ್ತೆ. ಹತ್ತು ವರ್ಷದ ಭರವಸೆ ಕೊಟ್ಟಿರೋದು ಹೇಗಿದ್ದರೂ ಹತ್ತು ವರ್ಷ ಬಾಳೋ ಭಾಗಕ್ಕೆ. ಆಷಾಢದಲ್ಲಿ ಗಾಳಿ ಬೀಸುವಂತೆ ಮಾಡ್ತೀನಿ ಅಂತ ಮಾತು ಕೊಟ್ಟ ಹಾಗೆ. ಪ್ರಣಾಳಿಕೆಗಳನ್ನ ಓದಿದವರಿಗೆ ಈ ಜಾಣತನ ಹೊಸದಲ್ಲ.

ನಮ್ಮ ರಾಜ್ಯದಲ್ಲಿ ಈ ಮೆಷಿನ್ನಿಗೆ ಇನ್ನೂ ಕೆಲವು ಶತ್ರುಗಳಿದ್ದಾರೆ. ಮೊದಲನೆಯದು ಬೋರ್‌ವೆಲ್ ನೀರು. ಕುಡಿಯೋ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಅಂತ ಭಾರತೀಯ ಮಾನಕ ಹೇಳುತ್ತೆ. ಕಾವೇರಿ ನೀರು ಬರೋ ಬಡಾವಣೆಯವರು ಪುಣ್ಯವಂತರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಸ್ನಾನದ ಬಕೆಟ್ಟಿನ ಅಂಚಲ್ಲಿ ಕೂರೋ ಬಿಳಿ ಕರೆಯೇ ಹೇಳುತ್ತೆ. ಅದೇ ಕರೆ ಹೀಟರ್ ಮೇಲೆ ಕೂರುತ್ತೆ, ಸೀಲಿನ ಅಂಚಲ್ಲಿ ಕೂರುತ್ತೆ, ಸೀಲನ್ನ ಮರಳುಕಾಗದದ ಹಾಗೆ ಉಜ್ಜುತ್ತೆ. ಗಡಸು ನೀರಿನಲ್ಲಿ ನೊರೆ ಬರಲ್ಲ ಅಂತ ನಾವು ಇನ್ನೊಂದು ಚಮಚ ಪುಡಿ ಸುರೀತೀವಿ. ಡ್ರಮ್ಮನ್ನ ಶಾಫ್ಟಿಗೆ ಜೋಡಿಸೋ ಮೂರು ಕಾಲಿನ ಅಲ್ಯೂಮಿನಿಯಂ ಚೌಕಟ್ಟು ಒಂದಿದೆ, ಸ್ಪೈಡರ್ ಅಂತಾರೆ. ಡ್ರಮ್ ಸ್ಟೀಲು, ಕಾಲು ಅಲ್ಯೂಮಿನಿಯಂ, ನಡುವೆ ಸೋಪಿನ ನೀರು. ಪಿಯುಸಿ ಕೆಮಿಸ್ಟ್ರಿ ನೆನಪಿದ್ದವರಿಗೆ ಮುಂದಿನದು ಗೊತ್ತು. ಅಲ್ಯೂಮಿನಿಯಂ ನಿಧಾನಕ್ಕೆ ತಿಂದುಹೋಗುತ್ತೆ.

ಎರಡನೆಯದು ಕರೆಂಟು. ಯುಗಾದಿ ಕಳೆದ ಮೇಲಿನ ಗುಡುಗು ಮಳೆಗೆ ಎಷ್ಟು ಬೋರ್ಡ್ ಸುಡುತ್ತವೆ ಅಂತ ನಿಮ್ಮ ಬೀದಿಯ ಮೆಕ್ಯಾನಿಕ್ಕನ್ನ ಕೇಳಿ. ಆ ಎರಡು ತಿಂಗಳು ಅವರಿಗೆ ಸುಗ್ಗಿ. ಇನ್ನು ಇಲಿ, ಜಿರಲೆ, ಹಲ್ಲಿ. ಬೆಚ್ಚಗಿದೆ ಅಂತ ಬೋರ್ಡಿನ ಮೇಲೆ ಮಲಗಿದ ಹಲ್ಲಿ ತಾನೂ ಸಾಯುತ್ತೆ, ಬೋರ್ಡನ್ನೂ ಸಾಯಿಸುತ್ತೆ. ವಿದೇಶದಲ್ಲಿ ಡಿಸೈನ್ ಆದ ಮೆಷಿನ್ನಿಗೆ ನಮ್ಮ ಹಲ್ಲಿಯ ಪರಿಚಯ ಇರಲ್ಲ.

ಇರಲಿ. ನಮ್ಮ ಮನೆಯ ಕೇಸ್ ಹೇಳ್ತೀನಿ, ಲೆಕ್ಕ ಅರ್ಥ ಆಗೋದಕ್ಕೆ ಅದು ಬೇಕು.

ನಮ್ಮದು ಏಳು ಕೆಜಿಯ ಫ್ರಂಟ್ ಲೋಡ್. ಏಳನೇ ವರ್ಷಕ್ಕೆ ಸದ್ದು ಶುರುವಾಯ್ತು. ಕೈಯಲ್ಲಿ ಡ್ರಮ್ ತಿರುಗಿಸಿದರೆ ಬೀಸೋಕಲ್ಲಿನ ಹಾಗೆ ಗರಗರ. ಬೇರಿಂಗ್ ಹೋಗಿದೆ, ಇದಕ್ಕೆ ಇಂಜಿನಿಯರಿಂಗ್ ಡಿಗ್ರಿಯೂ ಬೇಡ. ಕಂಪನಿಯ ಸರ್ವಿಸ್‌ನವರು ಬಂದರು. ನೋಡಿದರು. "ಬೇರಿಂಗ್ ಬದಲಾಯಿಸೋಕೆ ಬರಲ್ಲ ಸಾರ್, ಪೂರ್ತಿ ಟಬ್ ಅಸೆಂಬ್ಲಿ ಹಾಕಬೇಕು. ಲೇಬರ್, ಜಿಎಸ್‌ಟಿ ಸೇರಿ 11,400." ಆಮೇಲೆ ದನಿ ತಗ್ಗಿಸಿ, ನಮ್ಮ ಮೇಲಿನ ಕಾಳಜಿಯಿಂದ ಅನ್ನೋ ಹಾಗೆ, "ಇಷ್ಟು ದುಡ್ಡು ಹಾಕೋ ಬದಲು ಹೊಸದೇ ತಗೊಳ್ಳಿ. ಎಕ್ಸ್‌ಚೇಂಜ್ ಇದೆ" ಅಂದರು.

ಬೇರಿಂಗ್ ಅಂದ್ರೆ ಏನು? ಕೈಯಲ್ಲಿ ಹಿಡಿಯುವಷ್ಟು ದಪ್ಪದ ಉಕ್ಕಿನ ಬಳೆ, ಒಳಗೆ ಗುಂಡುಗಳು. ಅದರ ಮೇಲೆ ನಂಬರ್ ಕೆತ್ತಿರುತ್ತೆ, 6205 ಅಂತಲೋ 6206 ಅಂತಲೋ. ಆ ನಂಬರ್ ಇಡೀ ಜಗತ್ತಿಗೆ ಒಂದೇ. ಪಂಪ್‌ಸೆಟ್ಟಿಗೂ ಅದೇ, ಹಿಟ್ಟಿನ ಗಿರಣಿಗೂ ಅದೇ. ಯಾವ ತಾಲ್ಲೂಕು ಕೇಂದ್ರದ ಬೇರಿಂಗ್ ಅಂಗಡಿಯಲ್ಲಿ ಕೇಳಿದರೂ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಹಾಗಾದ್ರೆ ಕೆಲವು ನೂರು ರೂಪಾಯಿಯ ಭಾಗಕ್ಕೆ 11,400 ಯಾಕೆ?

ಯಾಕಂದ್ರೆ ಪ್ಲಾಸ್ಟಿಕ್ ಟಬ್ ಎರಡು ಹೋಳು. ಹಿಂದೆಲ್ಲ ಆ ಎರಡು ಹೋಳುಗಳನ್ನ ಸುತ್ತಲೂ ಸ್ಕ್ರೂ ಹಾಕಿ ಜೋಡಿಸ್ತಿದ್ದರು. ಸ್ಕ್ರೂ ಬಿಚ್ಚು, ಡ್ರಮ್ ತೆಗಿ, ಬೇರಿಂಗ್ ಬಡಿದು ಹೊರಗೆ ಹಾಕು, ಹೊಸದು ಕೂರಿಸು, ಮತ್ತೆ ಮುಚ್ಚು. ಈಗ ಎಷ್ಟೋ ಮಾಡೆಲ್‌ಗಳಲ್ಲಿ ಆ ಹೋಳುಗಳನ್ನ ಕಾಯಿಸಿ ಬೆಸೆದುಬಿಡ್ತಾರೆ. ಸ್ಕ್ರೂ ಇಲ್ಲ. ಬಿಚ್ಚೋ ದಾರಿಯೇ ಇಲ್ಲ. ಕಂಪನಿಗಳ ಕಡೆಯ ವಾದವನ್ನೂ ಹೇಳಿಬಿಡ್ತೀನಿ: ಬೆಸುಗೆ ಹಾಕಿದರೆ ಜೋಡಣೆ ಬೇಗ ಆಗುತ್ತೆ, ಖರ್ಚು ಕಡಿಮೆ, ನೀರು ಸೋರೋ ಜಾಗ ಕಡಿಮೆ. ಮೂರೂ ನಿಜ. ಆದರೆ ಫ್ಯಾಕ್ಟರಿಯಲ್ಲಿ ಅವರು ಉಳಿಸಿದ ಕೆಲವು ನಿಮಿಷದ ಬಿಲ್ಲು ಏಳು ವರ್ಷ ಆದ ಮೇಲೆ ಯಾರ ಮನೆಗೆ ಬಂತು?

ಈಗ ಲೆಕ್ಕಕ್ಕೆ ಬನ್ನಿ. ಪೆನ್ನು ತಗೊಳ್ಳಿ ಬೇಕಾದ್ರೆ.

ಊರೆಲ್ಲ ಹೇಳೋ ಒಂದು ಸೂತ್ರ ಇದೆ. ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ರಿಪೇರಿ, ಜಾಸ್ತಿ ಇದ್ದರೆ ಹೊಸದು. ಕೇಳೋಕೆ ಸುಲಭ. ಆದರೆ ಅದರಲ್ಲಿ ವಯಸ್ಸೇ ಇಲ್ಲ! ಎರಡು ವರ್ಷದ ಮೆಷಿನ್ನಿಗೂ ಹನ್ನೆರಡು ವರ್ಷದ ಮೆಷಿನ್ನಿಗೂ ಒಂದೇ ನ್ಯಾಯನಾ? ನಮ್ಮ ಕೇಸಿನಲ್ಲಿ ಹೊಸ ಮೆಷಿನ್ 28,000. ಅರ್ಧ ಅಂದ್ರೆ 14,000. ಕಂಪನಿ ಕೇಳಿದ್ದು 11,400. ಸೂತ್ರದ ಪ್ರಕಾರ ಕಣ್ಣು ಮುಚ್ಚಿ ರಿಪೇರಿ ಮಾಡಿಸಬೇಕು.

ನಾನು ಹಾಕೋ ಲೆಕ್ಕ ಬೇರೆ. ವರ್ಷಕ್ಕೆ ಎಷ್ಟು ಬೀಳುತ್ತೆ ನೋಡಿ. ಎಕ್ಸ್‌ಚೇಂಜಿನ 2,000 ಕಳೆದರೆ ಹೊಸದು 26,000. ನಮ್ಮ ನೀರಿಗೆ, ನಮ್ಮ ಕರೆಂಟಿಗೆ ಎಂಟು ವರ್ಷ ಬಾಳುತ್ತೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 3,250. ಇದು ನಿಮ್ಮ ಅಳತೆಗೋಲು. 11,400 ಕೊಟ್ಟು ಟಬ್ ಹಾಕಿಸಿದರೆ, ಆ ದುಡ್ಡು ಗಿಟ್ಟಬೇಕಾದರೆ ಹಳೇ ಮೆಷಿನ್ ಇನ್ನೂ ಮೂರೂವರೆ ವರ್ಷ ಓಡಬೇಕು. ಹಳೇ ಬೋರ್ಡು, ಹಳೇ ಪಂಪು ಇಟ್ಟುಕೊಂಡು. ಓಡಬಹುದು, ಓಡದೇ ಇರಬಹುದು. ಇಂಜಿನಿಯರಿಂಗಿನಲ್ಲಿ ಬಾತ್‌ಟಬ್ ಕರ್ವ್ ಅಂತ ಓದ್ತೀವಿ. ಯಂತ್ರಗಳು ಹುಟ್ಟಿದ ಹೊಸದರಲ್ಲಿ ಒಂದಷ್ಟು ಕೆಡ್ತವೆ, ನಡುವಯಸ್ಸಿನಲ್ಲಿ ಆರಾಮ, ವಯಸ್ಸಾದ ಮೇಲೆ ಒಂದರ ಹಿಂದೆ ಒಂದು. ಮನುಷ್ಯರ ಹಾಗೇ. ಏಳು ವರ್ಷ ಅಂದ್ರೆ ಆ ಟಬ್ಬಿನ ಏರು ಶುರುವಾಗೋ ಜಾಗ.

ಅಂದ್ರೆ ಏನಾಯ್ತು? ಸರ್ವಿಸ್‌ನವರು ಹೇಳಿದ್ದು ಸುಳ್ಳಲ್ಲ! ಅವರು ಕೊಟ್ಟ ಬೆಲೆಗೆ ಹೊಸದು ತಗೊಳ್ಳೋದೇ ಜಾಣತನ. ಇಲ್ಲೇ ಇರೋದು ಮಜಾ. ಅವರು ಮೋಸ ಮಾಡಲಿಲ್ಲ, ಸುಳ್ಳು ಹೇಳಲಿಲ್ಲ, ಲೆಕ್ಕ ತಪ್ಪಲಿಲ್ಲ. ಮೆಷಿನ್ನನ್ನು ಎಸೆಯೋ ತೀರ್ಮಾನ ನಮ್ಮ ಮನೆ ಊಟದ ಹೊತ್ತಲ್ಲಿ ಆಗಿದ್ದೇ ಅಲ್ಲ. ಏಳು ವರ್ಷದ ಹಿಂದೆ, ಯಾವುದೋ ಫ್ಯಾಕ್ಟರಿಯಲ್ಲಿ, ಆ ಎರಡು ಹೋಳಿಗೆ ಬೆಸುಗೆ ಹಾಕಿದ ದಿನವೇ ಆಗಿಹೋಗಿತ್ತು. ನಾವಿಲ್ಲಿ ಸುಮ್ಮನೆ ಚರ್ಚೆ ಮಾಡ್ತಿದ್ವಿ.

ನಮ್ಮ ಬಡಾವಣೆಯಲ್ಲಿ ಒಬ್ಬರು ಮೆಕ್ಯಾನಿಕ್ ಇದ್ದಾರೆ. ಹತ್ತನೇ ಕ್ಲಾಸಿನವರೆಗೆ ಓದಿದವರು. ಹೆಸರು ಹೇಳಲ್ಲ, ಹೇಳಿದರೆ ನಾಳೆಯಿಂದ ಅವರಿಗೆ ಫೋನ್ ಎತ್ತೋದೇ ಕೆಲಸ ಆಗುತ್ತೆ. ಅವರನ್ನ ಕರೆದೆ. ಡ್ರಮ್ ತಿರುಗಿಸಿ ನೋಡಿದರು. ಹಿಂದಿನಿಂದ ಟಾರ್ಚ್ ಬಿಟ್ಟು ಸ್ಪೈಡರ್ ನೋಡೋಕೆ ಆಗಲ್ಲ, ಬಿಚ್ಚಿದ ಮೇಲೇ ಗೊತ್ತಾಗೋದು ಅಂದರು. "ಗರಗಸದಲ್ಲಿ ಟಬ್ ಕೊಯ್ತೀನಿ ಅಣ್ಣ. ಬೇರಿಂಗು, ಸೀಲು ಎರಡೂ ಹಾಕಿ, ಸುತ್ತ ತೂತು ಕೊರೆದು ಸ್ಕ್ರೂ ಬಿಗಿದು ಸಿಲಿಕೋನ್ ಹಚ್ತೀನಿ. ಸ್ಪೈಡರ್ ತಿಂದುಹೋಗಿದ್ರೆ ಅಲ್ಲೇ ನಿಲ್ಲಿಸಿಬಿಡ್ತೀನಿ, ಬಿಚ್ಚಿದ ಕೂಲಿ ಕೊಡಿ ಸಾಕು. 4,500 ಆಗುತ್ತೆ. ಆರು ತಿಂಗಳು ನನ್ ಜವಾಬ್ದಾರಿ." ನೋಡಿ, ಕಂಪನಿ ಮುಚ್ಚಿದ ಬಾಗಿಲನ್ನ ಇವರು ಗರಗಸದಲ್ಲಿ ತೆಗೆಯೋಕೆ ಹೊರಟಿದ್ದಾರೆ.

ಅಳತೆಗೋಲು ಹಿಡೀರಿ. 4,500ನ್ನು 3,250ರಿಂದ ಭಾಗಿಸಿದರೆ ಹೆಚ್ಚುಕಡಿಮೆ 17 ತಿಂಗಳು. ಅಷ್ಟು ಓಡಿದರೆ ದುಡ್ಡು ಗಿಟ್ಟಿತು, ಆಮೇಲೆ ಓಡಿದ್ದೆಲ್ಲ ಲಾಭ. ಮೂರೂವರೆ ವರ್ಷದ ಜೂಜಿಗೂ 17 ತಿಂಗಳ ಜೂಜಿಗೂ ವ್ಯತ್ಯಾಸ ಇದೆ ತಾನೆ? ಮಾಡಿಸಿದೆ. ಸ್ಪೈಡರ್ ಗಟ್ಟಿ ಇತ್ತು. ಈಗ ಎರಡು ವರ್ಷ ಕಳೆದಿದೆ, ಮೆಷಿನ್ ಓಡ್ತಾ ಇದೆ. ಬೀಸೋಕಲ್ಲು ನಿಂತಿದೆ. ಹಾಗಂತ ನೀವೂ ಗರಗಸ ಹಿಡಿಯೋಕೆ ಹೋಗಬೇಡಿ. ಕೊಯ್ದ ಮೇಲೆ ಕಂಪನಿಯವರು ಮುಟ್ಟೋದಿಲ್ಲ, ಕೊಯ್ಯೋ ಕೈ ಪಳಗಿರಬೇಕು.

ಇನ್ನು ನಮ್ಮಮ್ಮನ ಮೆಷಿನ್. ತುಮಕೂರಿನಲ್ಲಿದೆ. ಹದಿನಾಲ್ಕು ವರ್ಷದ ಸೆಮಿ ಆಟೋಮ್ಯಾಟಿಕ್. ಎರಡು ತೊಟ್ಟಿ, ಎರಡು ಮೋಟರ್, ತಿರುಗಿಸೋ ಟೈಮರ್. ಅದಕ್ಕೆ ಎರರ್ ಕೋಡ್ ಅನ್ನೋದೇ ಗೊತ್ತಿಲ್ಲ. ಸ್ಪಿನ್ನರ್ ನಿಂತರೆ ಬ್ರೇಕಿನ ತಂತಿ, ಮೋಟರ್ ಗುಂಯ್ ಅಂತ ತಿರುಗದೆ ನಿಂತರೆ ಕೆಪಾಸಿಟರ್, ನೀರು ಸೋರಿದರೆ ಸೀಲು. ಬ್ಯಾಕ್ ಕವರ್‌ಗೆ ನಾಲ್ಕಾರು ಸ್ಕ್ರೂ, ತೆಗೆದರೆ ಎಲ್ಲವೂ ಕಣ್ಣೆದುರಿಗೆ. ಅಮ್ಮ ಅದರ ಸದ್ದು ಕೇಳಿಯೇ ರೋಗ ಹೇಳ್ತಾರೆ. "ಅದಕ್ಕೇನೂ ಆಗಿಲ್ಲ ಕಣೋ, ಬೆಲ್ಟ್ ಸಡಿಲ ಆಗಿದೆ." ನನ್ನ ನಾಲ್ಕು ವರ್ಷದ ಡಿಗ್ರಿಗೂ ಅವರ ಹದಿನಾಲ್ಕು ವರ್ಷದ ಅನುಭವಕ್ಕೂ ಚರ್ಚೆ ಇಟ್ಟರೆ ಗೆಲ್ಲೋದು ಯಾರು ಅಂತ ಬೇರೆ ಹೇಳಬೇಕಾ? ನಾವು ಅದನ್ನ ಹಳೇ ಕಾಲದ್ದು, ಕಡಿಮೆ ಬೆಲೆಯದ್ದು ಅಂತ ಮೂಗು ಮುರೀತೀವಿ. ರಿಪೇರಿಯ ಲೆಕ್ಕದಲ್ಲಿ ನೋಡಿದರೆ ಅದೇ ಶ್ರೀಮಂತ ಮೆಷಿನ್.

ಅಮ್ಮನ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡ್ತೀನಿ. ಈ ಲೆಕ್ಕದಲ್ಲಿ ಯಾವ ಎಸ್ಟಿಮೇಟಿನಲ್ಲೂ ಬರೆಯದ ಒಂದು ಸಾಲಿದೆ. ಪಾರ್ಟ್ ಬರೋದಕ್ಕೆ ಎಷ್ಟು ದಿನ? "ಆರ್ಡರ್ ಹಾಕಿದ್ದೀವಿ ಸಾರ್, ಬಂದ ತಕ್ಷಣ ಹೇಳ್ತೀವಿ." ಹತ್ತು ದಿನ. ಹದಿನೈದು ದಿನ. ಈ ಹದಿನೈದು ದಿನ ಬಟ್ಟೆ ಒಗೆಯೋರು ಯಾರು? ನಾಲ್ಕು ಜನರ ಮನೆ, ಇಬ್ಬರು ಶಾಲೆ ಮಕ್ಕಳ ಯೂನಿಫಾರಂ, ಹಾಸಿಗೆ ಹೊದಿಕೆ. ಹೆಂಡತಿ, ಇಲ್ಲಾ ಅಮ್ಮ, ಇಲ್ಲಾ ಮನೆಕೆಲಸಕ್ಕೆ ಬರೋ ಹೆಣ್ಣುಮಗಳು, ಅದೂ ಎಕ್ಸ್‌ಟ್ರಾ ದುಡ್ಡು ಕೊಡದೆ. "ಇನ್ನೊಂದು ವಾರ ನೋಡೋಣ" ಅಂತ ಹೇಳೋ ಗಂಡಸಿನ ಸೊಂಟಕ್ಕೆ ಆ ವಾರದ ನೋವು ಗೊತ್ತಿರಲ್ಲ. ರಿಪೇರಿ ಮಾಡಿಸಬೇಕು ಅಂತ ವಾದ ಮಾಡೋ ನಾನೂ ಹೇಳ್ತೀನಿ, ಒಗೆಯೋರನ್ನ ಕೇಳದೆ ಈ ತೀರ್ಮಾನ ತಗೊಳ್ಳಬೇಡಿ. ಎಷ್ಟೋ ಮನೆಯಲ್ಲಿ ಹೊಸ ಮೆಷಿನ್ ಬರೋದು ಹಳೇದು ಹಾಳಾಗಿದ್ದಕ್ಕಲ್ಲ, ಕಾಯೋಕೆ ಆಗದೇ ಇರೋದಕ್ಕೆ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು.

ಹಾಗಾಗಿ ಪ್ರಶ್ನೆ ಬಿಡಿಭಾಗದ್ದು. ಯೂರೋಪಿನವರು ಇದನ್ನ ಕಾನೂನು ಮಾಡಿದ್ದಾರೆ. 2021ರ ಮಾರ್ಚ್ 1ರಿಂದ ಅಲ್ಲಿ ವಾಷಿಂಗ್ ಮೆಷಿನ್ ಮಾರೋ ಕಂಪನಿ, ಆ ಮಾಡೆಲ್ಲಿನ ಕೊನೆಯ ಮೆಷಿನ್ ಮಾರುಕಟ್ಟೆಗೆ ಬಿಟ್ಟ ಮೇಲೂ ಹತ್ತು ವರ್ಷ ಬಿಡಿಭಾಗ ಕೊಡಬೇಕು. ಆರ್ಡರ್ ಕೊಟ್ಟ 15 ಕೆಲಸದ ದಿನದೊಳಗೆ ತಲುಪಿಸಬೇಕು. ತನ್ನ ಸರ್ವಿಸ್ ಸೆಂಟರಿಗೆ ಮಾತ್ರ ಅಲ್ಲ, ಹೊರಗಿನ ವೃತ್ತಿಪರ ರಿಪೇರಿಯವರಿಗೂ. ಅಲ್ಲೂ ಒಂದು ಸಂದು ಉಳಿಸಿದ್ದಾರೆ ಅನ್ನಿ. ಡ್ರಮ್ಮು, ಸ್ಪೈಡರ್ರು, ಬೇರಿಂಗನ್ನ ಬಿಡಿಯಾಗಿಯಾದರೂ ಕೊಡಬಹುದು, ಒಟ್ಟಿಗೆ ಒಂದು ಗಂಟು ಕಟ್ಟಿಯಾದರೂ ಕೊಡಬಹುದು. ಬೆಸುಗೆ ಹಾಕೋರಿಗೆ ಅಲ್ಲೂ ದಾರಿ ಸಿಕ್ತು. ಫ್ರಾನ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ 2021ರ ಜನವರಿಯಿಂದ ರಿಪೇರಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡೋದು ಶುರು ಮಾಡಿತು. ಮೊದಲ ಪಟ್ಟಿಯ ಐದು ವಸ್ತುಗಳಲ್ಲಿ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಒಂದು. ಅಂಗಡಿಯಲ್ಲಿ ಬೆಲೆ ಚೀಟಿಯ ಪಕ್ಕದಲ್ಲೇ ಅಂಕ.

ನಮ್ಮಲ್ಲಿ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24, ರಾಷ್ಟ್ರೀಯ ಗ್ರಾಹಕರ ದಿನ, ಒಂದು ಪೋರ್ಟಲ್ ಉದ್ಘಾಟನೆ ಆಯ್ತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಅಂತ ನಾಲ್ಕು ಕ್ಷೇತ್ರ. ಪೋರ್ಟಲ್ ಒಳ್ಳೇದೇ. ಆದರೆ ಅದು ಮಾಹಿತಿ ಕೊಡೋ ಕಿಟಕಿ, ಕಂಪನಿಯ ಕೈ ಹಿಡಿದು ಬಿಡಿಭಾಗ ಕೊಡಿಸೋ ಕಾನೂನಲ್ಲ. 2024ರಲ್ಲಿ ರಿಪೇರಿ ಅಂಕದ ಬಗ್ಗೆ ಇನ್ನೊಂದು ಸಮಿತಿ. 2025ರಲ್ಲಿ ಅದು ವರದಿ ಕೊಟ್ಟಿತು, ಮೊದಲು ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್‌ಗಳಿಂದ ಶುರು ಮಾಡಿ ಅಂತ. ವಾಷಿಂಗ್ ಮೆಷಿನ್ ಕ್ಯೂನಲ್ಲಿ ನಿಂತಿದೆ.

ಆಗಲ್ಲ ಅಂತಲ್ಲ, ಮನಸ್ಸು ಮಾಡಿದರೆ ನಮ್ಮಲ್ಲೂ ಆಗುತ್ತೆ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ತಪ್ಪೇನು? ಬಿಡಿಭಾಗ, ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಕಟ್ಟಿಹಾಕಿದ್ದು. ಕಾರಿನವರಿಗೆ ತಪ್ಪು ಆದದ್ದು ವಾಷಿಂಗ್ ಮೆಷಿನ್‌ನವರಿಗೆ ವ್ಯಾಪಾರ ಹೇಗಾಗುತ್ತೆ? ಎಸ್‌.ಪಿ. ರೋಡಿನ ಅಂಗಡಿಗಳಲ್ಲಿ ಪಾರ್ಟ್ ಹುಡುಕಿಕೊಂಡು ಓಡಾಡೋ ಮೆಕ್ಯಾನಿಕ್‌ಗಳನ್ನ ಕೇಳಿ. ರಿಲೇ ಸುಟ್ಟರೆ ಬೋರ್ಡಿನಲ್ಲಿ ಬದಲಾಯಿಸೋದು ಸಣ್ಣ ಕೆಲಸ. ಆದರೆ ಎಷ್ಟೋ ಬೋರ್ಡಿನ ಮೇಲೆ ಅಂಟು ಸುರಿದು ಮುಚ್ಚಿರ್ತಾರೆ. ತೇವದಿಂದ ಕಾಪಾಡೋಕೆ ಅನ್ನೋದೂ ನಿಜ, ಬೆಸುಗೆ ಕಡ್ಡಿ ತಾಗಿಸೋಕೆ ಆಗಲ್ಲ ಅನ್ನೋದೂ ನಿಜ. ಪೂರ್ತಿ ಬೋರ್ಡೇ ಬದಲಾಯಿಸಬೇಕು. ಈ ಬೀದಿ ಮೆಕ್ಯಾನಿಕ್‌ಗಳು ಒಂದು ಪೀಳಿಗೆ ಕಳೆದು ಹೋದರೆ ಗರಗಸ ಹಿಡಿಯೋಕೂ ಯಾರೂ ಸಿಗಲ್ಲ. ಆಗ ಎಸ್ಟಿಮೇಟ್ ಒಂದೇ ಬರುತ್ತೆ, ಅವರು ಹೇಳಿದ್ದೇ ರೇಟು.

ಹಾಗಾದ್ರೆ ಹೊಸದು ತಗೊಳ್ಳಲೇಬಾರದಾ? ತಗೊಳ್ಳಿ. ಸ್ಪೈಡರ್ ಮುರಿದಿದೆಯಾ, ತಗೊಳ್ಳಿ. ತಳದ ತಗಡು ತುಕ್ಕು ಹಿಡಿದು ಉದುರ್ತಾ ಇದೆಯಾ, ವರ್ಷಕ್ಕೆ ಎರಡು ಸಲ ದೊಡ್ಡ ಖರ್ಚು ಬಂತಾ, ಬೋರ್ಡ್ ಎಲ್ಲೂ ಸಿಗ್ತಿಲ್ವಾ, ತಗೊಳ್ಳಿ. ಮೆಷಿನ್ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಎಸೆಯೋರಿದ್ದಾರೆ. ಅದಕ್ಕೆ ಮೊದಲು ಪ್ಲಗ್ ಕಿತ್ತಿಟ್ಟು ಎಲೆಕ್ಟ್ರಿಷಿಯನ್ ಕರೆದು ಮನೆಯ ಅರ್ಥಿಂಗ್ ನೋಡಿಸಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಹೊಸ ಮೆಷಿನ್ ತಂದರೂ ಜುಮ್ ಅನ್ನಬಹುದು, ಅದು ಪ್ರಾಣದ ಪ್ರಶ್ನೆ.

ಹೊಸದು ಕರೆಂಟ್ ಉಳಿಸುತ್ತೆ ಅಂತ ಸೇಲ್ಸ್‌ನವರು ಹೇಳೋ ಮಾತನ್ನ ಸ್ವಲ್ಪ ಜರಡಿ ಹಿಡೀರಿ. ಫ್ರಿಜ್ ಆದ್ರೆ ಒಪ್ಪಬಹುದು, ಅದು ದಿನದ 24 ಗಂಟೆ ಪ್ಲಗ್ಗಿನಲ್ಲಿರುತ್ತೆ. ವಾಷಿಂಗ್ ಮೆಷಿನ್ ಓಡೋದು ಒಂದೆರಡು ಗಂಟೆ. ಅದರಲ್ಲಿ ಕರೆಂಟ್ ಕುಡಿಯೋದು ಹೀಟರ್. ತಣ್ಣೀರಲ್ಲಿ ಒಗೆಯೋ ಮನೆಗೆ ಉಳಿತಾಯ ಕಾಫಿ ದುಡ್ಡಿನಷ್ಟು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರೋರಿಗೆ ಅದೂ ಇಲ್ಲ. ನೀರಿನ ವಾದ ಬೇರೆ. ಹಳೇ ಟಾಪ್ ಲೋಡ್ ಒಂದು ಸಲಕ್ಕೆ ನೂರು ಲೀಟರ್ ಮೀರಿ ಕುಡಿಯುತ್ತೆ, ಫ್ರಂಟ್ ಲೋಡ್ ಅದರ ಅರ್ಧದಲ್ಲಿ ಮುಗಿಸುತ್ತೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾದು ನಿಂತವರಿಗೆ ಇದು ಸಣ್ಣ ವಿಷಯ ಅಲ್ಲ. ಟ್ಯಾಂಕರ್ ದುಡ್ಡು ಕೊಡೋ ಮನೆಯವರು ಅದನ್ನೂ ಲೆಕ್ಕಕ್ಕೆ ಸೇರಿಸಿ.

ಇದೆಲ್ಲಕ್ಕಿಂತ ಮೊದಲು, ಎರರ್ ಕೋಡ್ ಬಂತು ಅಂತ ಗಾಬರಿ ಆಗಬೇಡಿ. ಪ್ಲಗ್ ತೆಗೆದು, ಫ್ರಂಟ್ ಲೋಡಿನ ಕೆಳಗಡೆ ಮೂಲೆಯಲ್ಲಿರೋ ಸಣ್ಣ ಮುಚ್ಚಳದ ಹಿಂದಿನ ಪಂಪ್ ಫಿಲ್ಟರ್ ತಿರುಗಿಸಿ ತೆಗೀರಿ. ಕೆಳಗೊಂದು ತಟ್ಟೆ ಇಡಿ, ನೀರು ಬರುತ್ತೆ. ಒಂದು ರೂಪಾಯಿ ನಾಣ್ಯ, ಹೇರ್‌ಪಿನ್, ಅಂಗಿಯ ಗುಂಡಿ, ಮಗುವಿನ ಕಾಲುಚೀಲ ಸಿಕ್ಕರೆ ನಿಮ್ಮ ಮೆಷಿನ್ ಕೆಟ್ಟಿಲ್ಲ. ನೀರು ಬರೋ ಪೈಪಿನ ಬಾಯಲ್ಲಿ ಒಂದು ಸಣ್ಣ ಜಾಲರಿ ಇರುತ್ತೆ, ಬೋರ್‌ವೆಲ್ ಮರಳು ಕಟ್ಟಿದ್ದರೆ ಹಳೇ ಬ್ರಷ್ಷಿನಲ್ಲಿ ಉಜ್ಜಿ. ವಿಸಿಟಿಂಗ್ ಚಾರ್ಜ್ ಉಳೀತು.

ಎಸೆಯೋದೇ ಆದರೆ ಎಲ್ಲಿಗೆ ಅಂತಲೂ ಯೋಚನೆ ಮಾಡಿ. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮದಲ್ಲಿ ವಾಷಿಂಗ್ ಮೆಷಿನ್ ಇದೆ, ಅದರ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಗುಜರಿಯವರಿಗೆ ಕೊಟ್ಟರೆ ಸ್ಟೀಲು, ತಾಮ್ರ ಬಿಚ್ಚಿಕೊಳ್ತಾರೆ. ಬೆಸೆದ ಪ್ಲಾಸ್ಟಿಕ್ ಟಬ್ಬು, ಅಂಟು ಸುರಿದ ಬೋರ್ಡು ಎಲ್ಲಿಗೆ ಹೋಗುತ್ತೆ? ಊರ ಹೊರಗಿನ ರಸ್ತೆ ಪಕ್ಕ ಹೊಗೆ ನೋಡಿದ್ದೀರಲ್ಲ. ವಾರಂಟಿ ಒಳಗೇ ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವಸ್ತುವಿನ ದೂರಿಗೆ ಶುಲ್ಕವೂ ಇಲ್ಲ.

ಕಳೆದ ಆಯುಧಪೂಜೆ ಆಫರ್ ಹೊತ್ತಲ್ಲಿ ತಮ್ಮನ ಮನೆಗೆ ಮೆಷಿನ್ ನೋಡೋಕೆ ಅಂತ ಮೂರು ಶೋರೂಮ್ ಸುತ್ತಿದೆ. ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿದೆ. ಟಬ್ ಸ್ಕ್ರೂ ಹಾಕಿದ್ದಾ, ಬೆಸೆದಿದ್ದಾ? ಬೇರಿಂಗ್ ಒಂದನ್ನೇ ಬದಲಾಯಿಸಬಹುದಾ? ಮೊದಲನೆಯವರು ವೈಫೈ ಇದೆ ಸಾರ್ ಅಂದರು. ಎರಡನೆಯವರು ಮೋಟರ್‌ಗೆ 10 ವರ್ಷ ಅಂದರು. ಮೂರನೇ ಅಂಗಡಿಯ ಹುಡುಗ ಮಾತ್ರ, ಪಾಪ, ನಿಜವಾಗಿ ಯೋಚನೆ ಮಾಡಿದ. ಯಾರಿಗೋ ಫೋನ್ ಮಾಡಿದ. ಆ ಕಡೆಯವರು ಇನ್ಯಾರಿಗೋ ಮಾಡಿದರು. ಐದು ನಿಮಿಷ ಬಿಟ್ಟು ಬಂದು ಹೇಳಿದ: "ಸಾರ್, ಇದನ್ನ ಇಲ್ಲಿವರೆಗೂ ಯಾರೂ ಕೇಳಿಲ್ವಂತೆ."